ಮದುವೆಗೆ ಮುಂಚೆ ಸಂಬಂಧವಿತ್ತೇ?

ನನ್ನ ಅಮ್ಮ ನನ್ನ ಅಪ್ಪನಿಗೆ ಅಕ್ಕನ ಮಗಳು. ಈ ಮಾತನ್ನು ತುಮಕೂರಿನ ಕಡೆ ಹೇಳಿದರೆ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ. ದಿಲ್ಲಿಯಲ್ಲಿ ಹೇಳಿದರೆ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು, ಇನ್ನೊಂದು ಸಲ ಹೇಳು ಅನ್ನುತ್ತಾರೆ. ನಮ್ಮ ಮನೆಯ ಗ್ರಹಚಾರವೆಲ್ಲ ಈ ಎರಡು ಊರುಗಳ ನಡುವೆ ಸಿಕ್ಕಿಕೊಂಡದ್ದು.

ಅಪ್ಪನಿಗೆ ಕೇಂದ್ರ ಸರಕಾರದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ದಿಲ್ಲಿಗೆ ಬಂದಾಗ, ಹೆಣ್ಣು ಹುಡುಕುವ ಪ್ರಶ್ನೆಯೇ ಏಳಲಿಲ್ಲವಂತೆ. ದೊಡ್ಡಕ್ಕನ ಮಗಳು ಮನೆಯಲ್ಲೇ ಬೆಳೆದು ನಿಂತಿದ್ದಳು. "ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯೋದ್ಯಾಕೆ?" ಎಂದು ಹಿರಿಯರು ಅಂದರು, ಅಲ್ಲಿಗೆ ಮುಗಿಯಿತು. ಹೀಗಾಗಿ ನನ್ನ ಅಜ್ಜಿ ಅಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಅಪ್ಪನನ್ನು ಹೆತ್ತವಳು ನನಗೆ ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಚಿಕ್ಕವಳಿದ್ದಾಗ ಇದನ್ನು ಒಗಟಿನ ಹಾಗೆ ಬಿಡಿಸಿ ಬಿಡಿಸಿ ಖುಷಿಪಡುತ್ತಿದ್ದೆ. ನಮ್ಮಷ್ಟು ಗಟ್ಟಿಯಾದ ಮನೆ ಬೇರೆ ಯಾರದಿದೆ ಎಂಬ ಜಂಬ ಬೇರೆ.

ಅಮ್ಮ ಹುಟ್ಟಿದಾಗಿನಿಂದ ಅಪ್ಪನನ್ನು ಕರೆಯುತ್ತಿದ್ದದ್ದು ಮಾಮ ಎಂದು. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಆ ಕರೆ ಬದಲಾಗುವುದು ಹೇಗೆ? ಮದುವೆಯಾಗಿ ಬಂದ ಹೊಸದರಲ್ಲಿ, ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ನಿಂತು, "ಮಾಮಾ, ಊಟದ ಡಬ್ಬಿ ಮರೆತ್ರಿ" ಎಂದು ಕೂಗಿದ್ದಾಳೆ. ಎದುರು ಮನೆಯಾಕೆ ಹರಿಯಾಣದವಳು. ಹಿಂದಿಯಲ್ಲೂ ಮಾಮಾ ಅಂದರೆ ತಾಯಿಯ ತಮ್ಮನೇ. ಗಂಡನನ್ನು ಮಾಮಾ ಅನ್ನುತ್ತೀಯಲ್ಲ ಎಂದು ಆಕೆ ನಗುತ್ತಾ ಕೇಳಿದಳು. ನನ್ನಮ್ಮ, ಆಗಿನ್ನೂ ಎಳೆಯ ಹುಡುಗಿ, ಬರುವ ಅಷ್ಟಿಷ್ಟು ಹಿಂದಿಯಲ್ಲಿ ಕೈಸನ್ನೆ ಮಾಡಿ ಸಂಬಂಧವನ್ನೆಲ್ಲ ಬಿಡಿಸಿ ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು. ಒಂದೇ ಗೋತ್ರದವರು ಮದುವೆಯಾದರೆ ಊರಿಗೆ ಊರೇ ಎದ್ದು ನಿಲ್ಲುವ ಸೀಮೆಯವಳು ಆಕೆ. ಸಂಜೆಯ ಹೊತ್ತಿಗೆ ಇಡೀ ಬ್ಲಾಕಿಗೆ ಸುದ್ದಿ ಹಬ್ಬಿತ್ತು. ಹೆಂಗಸರು ಅಮ್ಮನನ್ನು ಕೀರ್ತನೆಗೆ ಕರೆಯುವುದನ್ನು ಬಿಟ್ಟರು. ಎದುರು ಮನೆಯಾಕೆ ಕೆಟ್ಟವಳೇನಲ್ಲ. ಆಮೇಲೆ ನಾನು ಹುಟ್ಟಿದಾಗ ಅಮ್ಮನಿಗೆ ತುಪ್ಪ ಸುರಿದು ಬಾಣಂತಿಯರ ಸಿಹಿ ಪಂಜೀರಿ ಮಾಡಿಕೊಟ್ಟವಳೂ ಅವಳೇ. ಆದರೆ ಆ ಒಂದು ವರ್ಷ ಅಮ್ಮ ದಿಲ್ಲಿಯಲ್ಲಿ ಗೋಡೆಗಳ ಜೊತೆ ಮಾತಾಡಿಕೊಂಡಿದ್ದಳು.

ಅಪ್ಪ ಕಾನೂನು ಮಾಡಿದರು. "ಹೊರಗಡೆ ಮಾಮ ಗೀಮ ಅನ್ಬೇಡ. ಯಾರಾದ್ರೂ ಕೇಳಿದ್ರೆ ಹಾಗೇನೂ ಇಲ್ಲ ಅಂದ್ಬಿಡು." ಅಂದಿನಿಂದ ಅಮ್ಮ ಬೀದಿಯಲ್ಲಿ ಅಪ್ಪನನ್ನು ಇಲ್ಲಿನ ಹೆಂಡತಿಯರ ಹಾಗೆ "ಸುನಿಯೇ ಜೀ" ಎಂದು ಕರೆಯತೊಡಗಿದಳು. ಆ ಕರೆ ತನಗೇ ಎಂದು ಅಪ್ಪನಿಗೆ ಹೊಳೆಯಲು ಸುಮಾರು ದಿನ ಹಿಡಿಯಿತಂತೆ. ಬೇರೆ ಕ್ವಾರ್ಟರ್ಸಿಗೆ ಹೋದೆವು, ಹೊಸ ನೆರೆಯವರು ಬಂದರು, ಹಳೆಯ ಮಾತು ಮರೆತುಹೋಯಿತು. ನಾನೂ ತಂಗಿಯೂ ಮಾತು ಕಲಿಯುವಾಗಲೇ ಈ ಕಾನೂನನ್ನೂ ಕಲಿತೆವು. ಮನೆಯೊಳಗೆ ಮಾಮ, ಬಾಗಿಲಾಚೆ ಹಾಗೇನೂ ಇಲ್ಲ. ಚಪ್ಪಲಿ ಹೊರಗೆ ಬಿಡುವಷ್ಟೇ ಸಹಜವಾಗಿತ್ತು ಅದು.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ದಿಲ್ಲಿಯ ನೀರು ಕುಡಿದು ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಆದರೆ ಮಾತು ಅರ್ಧಕ್ಕೆ ಹಿಂದಿಗೆ ಜಾರುತ್ತದೆ. ನನಗಾದರೋ ಅಮ್ಮ ತಲೆಗೆ ಮೊಟಕಿ ಮೊಟಕಿ ಓದು ಬರಹ ಕಲಿಸಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಅಮ್ಮನ ಕೈ ಸೋತಿತ್ತು. ತಂಗಿ ಸಂಜೆಯಾದರೆ ಮುಗ್ಗರಿಸುತ್ತಾಳೆ ಎಂಬುದನ್ನು ನಾವು ತಮಾಷೆ ಮಾಡಿಕೊಂಡಿದ್ದೆವು. ದಸರಾದಲ್ಲಿ ರಾಮಲೀಲಾ ನೋಡಲು ಮೈದಾನಕ್ಕೆ ಹೋದಾಗ, ನಾವೆಲ್ಲ ವೇದಿಕೆ ನೋಡುತ್ತಿದ್ದರೆ ಅವಳು ನನ್ನ ಕುರ್ತಾದ ಅಂಚು ಹಿಡಿದುಕೊಂಡು, "ದೀಪ ಯಾವಾಗ ಹಾಕ್ತಾರೆ?" ಎಂದು ಕೇಳಿದಳು. ಸುತ್ತ ದೀಪಗಳು ಉರಿಯುತ್ತಲೇ ಇದ್ದವು. ಅವಳಿಗೆ ವೇದಿಕೆಯ ಬೆಳಕಿನ ತುಂಡೊಂದು ಬಿಟ್ಟರೆ ಉಳಿದದ್ದೆಲ್ಲ ಕತ್ತಲೆ. ಆವತ್ತು ಅಮ್ಮ ನಗಲಿಲ್ಲ.

ಕಣ್ಣಿನ ದೊಡ್ಡ ಆಸ್ಪತ್ರೆಗೆ ಹೋದೆವು. ನನಗಾಗ ಹದಿಮೂರೋ ಹದಿನಾಲ್ಕೋ. ಆ ಕೋಣೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ನಮ್ಮ ಹಿಂದಿನ ಸರದಿಯವರು ನಮ್ಮ ಕುರ್ಚಿಯ ಬೆನ್ನನ್ನೇ ಹಿಡಿದು ನಿಂತಿದ್ದರು. ತಂಗಿಯ ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಯಿಸಿ ನೋಡಿದ ಡಾಕ್ಟರು ಮೇಜಿನ ಡ್ರಾಯರಿನಿಂದ ಒಂದು ಹಾಳೆ ಹೊರಗೆ ತೆಗೆದು ಕೇಳಿದರು, "ಶಾದೀ ಸೇ ಪೆಹಲೇ ಆಪ್ ದೋನೋ ಮೇ ಕೋಯೀ ರಿಶ್ತಾ ಥಾ?" ಮದುವೆಗೆ ಮುಂಚೆ ನಿಮ್ಮಿಬ್ಬರಲ್ಲಿ ಏನಾದರೂ ಸಂಬಂಧವಿತ್ತೇ?

"ನಹೀ ಜೀ," ಎಂದರು ಅಪ್ಪ. ಒಂದು ಕ್ಷಣವೂ ತಡವಾಗಲಿಲ್ಲ. ಅಮ್ಮ ತನ್ನ ಚೀಲದ ಜಿಪ್ಪನ್ನು ನೋಡುತ್ತಾ ಕೂತಿದ್ದಳು. ನಾನು ಅಪ್ಪ ಸರಿಯಾಗಿ ಹೇಳಿದರು ಅಂದುಕೊಂಡೆ. ಹೊರಗಿದ್ದೇವೆ, ಹಿಂದೆ ಜನ ನಿಂತಿದ್ದಾರೆ, ಇನ್ನೇನು ಹೇಳುವುದಿತ್ತು? ಡಾಕ್ಟರು ಒಳ್ಳೆಯದು ಎಂಬಂತೆ ತಲೆಯಾಡಿಸಿ ಆ ಹಾಳೆಯನ್ನು ಮತ್ತೆ ಡ್ರಾಯರಿನೊಳಗಿಟ್ಟರು. ಕಣ್ಣಿನ ಪರದೆಯ ಕಾಯಿಲೆ, ಮೊದಲು ಇರುಳುಗುರುಡು, ಆಮೇಲೆ ಸುತ್ತಲ ನೋಟ ಕಿರಿದಾಗುತ್ತಾ ಹೋಗುತ್ತದೆ ಎಂದರು. ಮನೆತನದಲ್ಲಿ ಯಾರಿಗೂ ಇಲ್ಲ, ಸಂಬಂಧದ ಮದುವೆಯೂ ಅಲ್ಲ, ಹಾಗಾದರೆ ಯಾಕೆ ಬಂತೋ ಹೇಳಲಾಗದು, ವರ್ಷಕ್ಕೊಮ್ಮೆ ತೋರಿಸಿ, ವಿಟಮಿನ್ ಕೊಡಿ ಎಂದರು. ಆ ಹಾಳೆ ಏನು ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳಾದ ಮೇಲೆ. ಸಂಬಂಧದಲ್ಲಿ ಮದುವೆಯಾದ ಮನೆಗಳ ಮಕ್ಕಳ ರಕ್ತ ತೆಗೆದಿಟ್ಟುಕೊಂಡು, ಯಾವ ಜೀನ್ ಕೆಟ್ಟಿದೆ ಎಂದು ಅವರು ಹುಡುಕುತ್ತಿದ್ದರು, ಅದಕ್ಕೆ ಹೆಸರು ಬರೆದುಕೊಳ್ಳುವ ಹಾಳೆ ಅದು. ನಮಗೆ ಸಂಬಂಧವಿಲ್ಲವಲ್ಲ, ನಮ್ಮನ್ನು ಬಿಟ್ಟರು.

ಆಮೇಲೆ ಕ್ಯಾರೆಟ್ಟಿನ ಕಾಲ ಶುರುವಾಯಿತು. ಕ್ಯಾರೆಟ್ ಪಲ್ಯ, ಕ್ಯಾರೆಟ್ ಕೋಸಂಬರಿ, ಚಳಿಗಾಲದಲ್ಲಿ ಕೆಂಪು ಗಾಜರಿನ ಹಲ್ವಾ. ತರಕಾರಿ ಭಯ್ಯಾ ಅಮ್ಮನನ್ನು ಕಂಡರೆ ಕೇಳದೆಯೇ ಕ್ಯಾರೆಟ್ ತೂಗುತ್ತಿದ್ದ. "ಅಕ್ಕಾ, ನಾನು ಮೊಲ ಆಗ್ತೀನಿ, ಆದ್ರೆ ಕುರುಡು ಮೊಲ," ಎಂದು ತಂಗಿ ನಗುತ್ತಿದ್ದಳು. ಅಜ್ಜಿ ಊರಿನಿಂದ ದೇವರ ಕುಂಕುಮ ಕಳಿಸಿದಳು, ಅಮ್ಮ ಶನಿವಾರ ಒಪ್ಪತ್ತು ಮಾಡಿದಳು. ಏನು ಮಾಡಿದರೂ ಅವಳ ಲೋಕ ವರ್ಷ ವರ್ಷವೂ ಸುತ್ತಲಿಂದ ಒಂದಿಷ್ಟು ಸವೆಯುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ, ಮೇಜಿನ ಮೂಲೆಗೆ ಸೊಂಟ, ಅವಳ ಮೈಮೇಲೆ ಸದಾ ಒಂದಲ್ಲ ಒಂದು ನೀಲಿ ಕಲೆ. ನಡುವೆ ಮಾತ್ರ ಒಂದು ಕಿಂಡಿ ಉಳಿದಿತ್ತು. ಆ ಕಿಂಡಿಯೊಳಗಿಂದಲೇ ಓದಿ ಬಿ.ಎ. ಮುಗಿಸಿದಳು, ಕ್ಲಾಸಿಗೆ ಮೊದಲಿಗಳಾಗಿ.

ಆಮೇಲೆ ಸಿವಿಲ್ ಸರ್ವೀಸ್ ಎಂದಳು. ಅಪ್ಪ ಹಿಗ್ಗಿದರು, ಗುಮಾಸ್ತನಾಗಿ ಸೇರಿ ಸೆಕ್ಷನ್ ಆಫೀಸರಾದವನ ಮಗಳು ಅಪ್ಪನ ಸಾಹೇಬರಿಗೇ ಸಾಹೇಬಳಾಗುವ ಕನಸು ದಿಲ್ಲಿಯ ಪ್ರತಿ ಸರಕಾರಿ ಕ್ವಾರ್ಟರ್ಸಿನಲ್ಲೂ ಒಂದೊಂದು ಇರುತ್ತದೆ. ದಿಲ್ಲಿಯಲ್ಲೇ ಮನೆಯಿದ್ದರೂ ಅವಳು ಕೋಚಿಂಗ್ ಸೆಂಟರುಗಳಿರುವ ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಕೋಣೆ ಹಿಡಿದಳು. ಸಂಜೆಯ ಕ್ಲಾಸು ಮುಗಿಸಿ ಮೆಟ್ರೋ ಹಿಡಿದು ಮನೆಗೆ ಬರುವುದು ಅವಳಿಗೆ ಆಗದ ಕೆಲಸ. ಕೋಣೆ ಅನ್ನುವುದೂ ಹೆಚ್ಚೇ. ಒಂದು ಹಾಲನ್ನು ಪ್ಲೈವುಡ್ಡಿನಿಂದ ಸೀಳಿ ಮಾಡಿದ ಗೂಡು, ಅದರಲ್ಲಿ ಮಂಚ, ಮಂಚದ ಮೇಲೆ ಜೆರಾಕ್ಸ್ ನೋಟ್ಸಿನ ರಾಶಿ. ನಾನು ಗುರುಗ್ರಾಮದ ಆಫೀಸಿಗೆ ರಜೆಯಿದ್ದ ಭಾನುವಾರಗಳಂದು ಹೋಗುತ್ತಿದ್ದೆ. ಅವಳು ಆ ಗಲ್ಲಿಯ ಪ್ರತಿ ಮೆಟ್ಟಿಲನ್ನೂ ಪ್ರತಿ ಚರಂಡಿಯನ್ನೂ ಬಾಯಿಪಾಠ ಮಾಡಿದ್ದಳು. ಯಾರಾದರೂ ಬೈಕನ್ನು ಅಡ್ಡ ನಿಲ್ಲಿಸಿದರೆ ಮಾತ್ರ ಪಾಠ ತಪ್ಪುತ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪನ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಇಂಥದೇ ಕಾಯಿಲೆಯ ಒಂದು ಮಗು, ಕಣ್ಣಿಗೆ ಇಂಜೆಕ್ಷನ್ನು, ಕೆಟ್ಟ ಜೀನಿನ ಜಾಗಕ್ಕೆ ಒಳ್ಳೆಯ ಪ್ರತಿ, ಆಮೇಲೆ ಆ ಮಗು ಕತ್ತಲ ಕೋಣೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆದುಹೋಗುತ್ತದೆ. ಅಪ್ಪ ಅದನ್ನು ಎಷ್ಟು ಸಲ ನೋಡಿದರೋ. ತಂಗಿಗೆ ತೋರಿಸಿದರು, ಅವಳು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, "ಚಲೋ, ಟ್ರೈ ಮಾಡೋಣ," ಎಂದಳು. ತಮಾಷೆಯ ದನಿಯಲ್ಲೇ ಅಂದಳು. ಆದರೆ ಆವತ್ತಿಡೀ ಅವಳು ಯಾರ ಮೇಲೂ ರೇಗಲಿಲ್ಲ. ಅದರಿಂದಲೇ ಅವಳಿಗೆ ಎಷ್ಟು ಆಸೆ ಹುಟ್ಟಿದೆ ಎಂಬುದು ನನಗೆ ಗೊತ್ತಾಯಿತು.

ಅದೇ ಆಸ್ಪತ್ರೆ, ಆದರೆ ಈಗ ಜೀನಿನ ಕಾಯಿಲೆಗೆಂದೇ ಬೇರೆ ವಿಭಾಗ. ಮೊದಲು ಒಬ್ಬ ಹುಡುಗಿ ಕೂರಿಸಿಕೊಂಡು ಮನೆತನದ ವಿವರ ಕೇಳುತ್ತಾಳೆ, ಆಮೇಲೆ ರಕ್ತ, ಆಮೇಲೆ ಡಾಕ್ಟರು. ಹುಡುಗಿ ನನ್ನ ವಯಸ್ಸಿನವಳು, ಲಖನೌ ಕಡೆಯ ಮೃದು ಹಿಂದಿ. ಅದೇ ಪ್ರಶ್ನೆ ಕೇಳಿದಳು. ಅಪ್ಪ ಗಂಟಲು ಸರಿಮಾಡಿಕೊಂಡು ಅದೇ ಉತ್ತರ ಕೊಟ್ಟರು. "ನಹೀ ಜೀ. ಐಸಾ ಕುಛ್ ನಹೀ." ಹಾಗೇನೂ ಇಲ್ಲ.

"ಝೂಠ್," ಎಂದಳು ಅಮ್ಮ.

ನಾವೆಲ್ಲ ಅವಳತ್ತ ತಿರುಗಿದೆವು. ಇಷ್ಟು ವರ್ಷ ದಿಲ್ಲಿಯಲ್ಲಿದ್ದೂ ಅವಳ ಹಿಂದಿ ತರಕಾರಿ ಅಂಗಡಿ ದಾಟಿ ಮುಂದೆ ಹೋಗಿರಲಿಲ್ಲ. ಆವತ್ತು ಮಾತ್ರ ಒಂದೊಂದು ಶಬ್ದವೂ ಕಡೆದಿಟ್ಟ ಹಾಗೆ ಬಂತು. "ಯೇ ಝೂಠ್ ಬೋಲ್ತೇ ಹೈ. ಯೇ ಮೇರೇ ಮಾಮಾ ಹೈ. ಸಗೇ ಮಾಮಾ." ಇವರು ಹೇಳುವುದು ಸುಳ್ಳು, ಇವರು ನನ್ನ ಸ್ವಂತ ಸೋದರಮಾವ. ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ, "ಸಾಕು ಮಾಮ. ಮಗು ಕಣ್ಣಿಗಿಂತ ಹೆಚ್ಚಾ ನಿಮ್ಮ ಮರ್ಯಾದೆ?" ಎಂದಳು. ಅಪ್ಪ ಮೇಜಿನ ಮೇಲಿದ್ದ ಪೆನ್ನಿನ ಲೋಟವನ್ನು ನೋಡುತ್ತಿದ್ದರು.

ನಾವು ಇಷ್ಟು ವರ್ಷ ಹೆದರಿದಂಥದ್ದೇನೂ ಆಗಲಿಲ್ಲ. ಹುಡುಗಿ "ಥ್ಯಾಂಕ್ಯೂ ಆಂಟಿ" ಎಂದು, ಬರೆಯುತ್ತಿದ್ದ ಹಾಳೆಯನ್ನು ಹರಿದು ಹೊಸ ಹಾಳೆ ತೆಗೆದುಕೊಂಡಳು. ಕರ್ನಾಟಕದಿಂದ, ಆಂಧ್ರದಿಂದ ನೇರ ಬರುವವರು ಕೇಳುವ ಮೊದಲೇ ಹೇಳಿಬಿಡುತ್ತಾರೆ, ದಿಲ್ಲಿಯಲ್ಲಿ ನೆಲೆ ನಿಂತ ನಿಮ್ಮವರೇ ಮುಚ್ಚಿಡುವುದು ಎಂದಳು. ಬೈಯುವ ದನಿಯೇ ಅಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವಳು ವಂಶವೃಕ್ಷ ಬರೆಯತೊಡಗಿದಳು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಒಂದು ತಲೆಮಾರಿಗೆ ಒಂದು ಸಾಲು. ಸಂಬಂಧದಲ್ಲಿ ಮದುವೆಯಾದವರ ನಡುವೆ ಜೋಡಿಗೆರೆ ಎಳೆಯುತ್ತಾರೆ. ನಮ್ಮ ಅಪ್ಪ ಅಮ್ಮನ ಜಾಗಕ್ಕೆ ಬಂದಾಗ ಅವಳಿಗೂ ತಡವರಿಕೆ. ಅಪ್ಪ ಮೇಲಿನ ಸಾಲಿನಲ್ಲಿ, ಅವರ ಅಕ್ಕನ ಪಕ್ಕ. ಅಮ್ಮ ಕೆಳಗಿನ ಸಾಲಿನಲ್ಲಿ. ಜೋಡಿಗೆರೆ ಓರೆಯಾಗಿ ಇಳಿಯಬೇಕಾಯಿತು. ತಂಗಿ ಹಾಳೆಯನ್ನು ಕಣ್ಣಿಗೆ ಹಿಡಿದು, "ನೋಡಕ್ಕಾ, ಪಪ್ಪಾ ಫಸ್ಟ್ ಫ್ಲೋರ್, ಅಮ್ಮ ಗ್ರೌಂಡ್ ಫ್ಲೋರ್, ನಾವಿಬ್ಬರೂ ಬೇಸ್‌ಮೆಂಟ್," ಎಂದಳು. ಹುಡುಗಿಗೆ ಅದನ್ನು ಹಿಂದಿಯಲ್ಲಿ ಹೇಳಿದಾಗ ಅವಳೂ ನಕ್ಕಳು. ನಮ್ಮ ಮನೆಯವರು ಸೇರಿ ನಕ್ಕದ್ದು ಅದೇ ಕೊನೆಯಿರಬೇಕು.

ವರದಿ ಬರಲು ಕೆಲವು ವಾರ ಹಿಡಿಯಿತು. ಹಿರಿಯ ಡಾಕ್ಟರು, ಒಬ್ಬ ಹೆಂಗಸು, ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಮನುಷ್ಯನಲ್ಲಿ ಪ್ರತಿ ಜೀನೂ ಎರಡೆರಡು, ತಂದೆಯದೊಂದು ತಾಯಿಯದೊಂದು. ಒಂದು ಕೆಟ್ಟಿದ್ದರೆ ಇನ್ನೊಂದು ಸಂಭಾಳಿಸುತ್ತದೆ. ನಮ್ಮ ಮನೆಯಲ್ಲಿ ಯಾವುದೋ ಹಿರಿಯ ಜೀವದಲ್ಲಿದ್ದ ಒಂದು ತಪ್ಪು ಅಪ್ಪನಿಗೆ ನೇರವಾಗಿ ಬಂದಿತ್ತು. ಅದೇ ತಪ್ಪು ಅಪ್ಪನ ಅಕ್ಕನ ಮೂಲಕ ಅಮ್ಮನಿಗೂ ಇಳಿದಿತ್ತು. ಇಬ್ಬರ ಕಣ್ಣೂ ಚೆನ್ನಾಗಿಯೇ ಇವೆ. ಎರಡು ದಾರಿ ಹಿಡಿದು ಹೊರಟದ್ದು ತಂಗಿಯಲ್ಲಿ ಬಂದು ಕೂಡಿಕೊಂಡಿತು. ನನ್ನಲ್ಲೂ ಒಂದು ಇದೆಯಂತೆ, ಒಂದೇ. ಆ ಒಂದರ ಅಂತರದಲ್ಲಿ ನಾನು ಕಾರು ಓಡಿಸುತ್ತೇನೆ, ಅವಳು ಗೋಡೆ ಹಿಡಿದು ನಡೆಯುತ್ತಾಳೆ.

"ಇಂಜೆಕ್ಷನ್?" ಎಂದು ಅಪ್ಪ ಕೇಳಿದರು.

ವಿಡಿಯೋದ ಇಂಜೆಕ್ಷನ್ನು ಬೇರೆ ಜೀನಿನದು. ನಮ್ಮ ಜೀನಿಗೂ ಹೊರದೇಶದಲ್ಲಿ ಒಂದು ಪ್ರಯೋಗ ನಡೆದಿತ್ತು. ಆಸ್ಪತ್ರೆಯ ಹಳೆಯ ಪಟ್ಟಿಯಲ್ಲಿದ್ದ ಕೆಲವು ಮಕ್ಕಳಿಗೆ ಈ ಜೀನೇ ಎಂದು ಮೊದಲೇ ಗೊತ್ತಾಗಿತ್ತು, ಅವರಲ್ಲಿ ಒಂದಿಬ್ಬರು ಆ ಪ್ರಯೋಗಕ್ಕೆ ಹೋದರು. ಅವರಿಗೆ ಹೋದ ನೋಟ ಬಂದಿಲ್ಲ, ಆದರೆ ಇದ್ದದ್ದು ನಿಂತಿದೆ. ಇದನ್ನು ಹೇಳುವಾಗಲೇ ಡಾಕ್ಟರು ಡ್ರಾಯರಿನ ಆ ಹಾಳೆಯ ವಿಷಯವನ್ನೂ ಹೇಳಿದ್ದು. ತಂಗಿಗೆ ಈಗ ಆ ಪ್ರಯೋಗದಿಂದ ಉಪಯೋಗವಿಲ್ಲ. ಜೀನನ್ನು ಸರಿಪಡಿಸಬೇಕಾದರೆ ಅದು ಕೆಲಸ ಮಾಡುವ ಜೀವಕೋಶ ಬದುಕಿರಬೇಕು. ಇವಳಲ್ಲಿ ಅವು ಮುಕ್ಕಾಲು ಪಾಲು ಸತ್ತಿವೆ. "ಬಲ್ಬೇ ಸುಟ್ಟುಹೋದ ಮೇಲೆ ಹೊಸ ವೈರ್ ಎಳೆದು ಏನು ಮಾಡೋದು ಹೇಳಿ," ಎಂದರು.

"ಆವಾಗಲೇ ಹೇಳಿದ್ರೆ ಆಗ್ತಿತ್ತಾ?" ಈ ಸಲ ಕೇಳಿದವಳು ಅಮ್ಮ. ನಾನು ಅದನ್ನು ಹಿಂದಿಗೆ ತಿರುಗಿಸಬೇಕಾಗಿರಲಿಲ್ಲ, ಡಾಕ್ಟರಿಗೆ ಅಮ್ಮನ ಮುಖದಿಂದಲೇ ಅರ್ಥವಾಯಿತು. "ಆಗುತ್ತಿತ್ತು ಅಂತಲೂ ಹೇಳಲಾರೆ, ಆಗುತ್ತಿರಲಿಲ್ಲ ಅಂತಲೂ ಹೇಳಲಾರೆ," ಎಂದರು. ಖಡಾಖಂಡಿತವಾಗಿ ಇಲ್ಲ ಎಂದಿದ್ದರೆ ಅಪ್ಪ ಉಳಿದುಕೊಳ್ಳುತ್ತಿದ್ದರು. ಹೌದು ಎಂದಿದ್ದರೆ ಅತ್ತು ಹಗುರಾಗುತ್ತಿದ್ದರೇನೋ. ಎರಡೂ ಅಲ್ಲದ ಮಾತು ನಮ್ಮ ಮನೆಯಲ್ಲಿ ಬಂದು ಕೂತುಬಿಟ್ಟಿತು.

ನಮ್ಮನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಡಾಕ್ಟರು ಮುಂದಿನ ತಲೆಮಾರಿನ ಮಾತು ತೆಗೆದರು. ಮದುವೆಯಾಗುವ ಹುಡುಗನ ರಕ್ತ ಪರೀಕ್ಷೆ ಮಾಡಿಸಬಹುದು. ಬೇಕಿದ್ದರೆ ಭ್ರೂಣವನ್ನು ಹೊರಗೆ ಬೆಳೆಸಿ, ಕಾಯಿಲೆಯಿಲ್ಲದ್ದನ್ನು ಆರಿಸಿ ಗರ್ಭದಲ್ಲಿ ಇಡಬಹುದು. ಮುಂದೊಂದು ದಿನ ಭ್ರೂಣದಲ್ಲೇ ಜೀನನ್ನು ತಿದ್ದಬಹುದೇನೋ, ಆದರೆ ಅದಕ್ಕೆ ನಮ್ಮಲ್ಲಿ ಅನುಮತಿಯಿಲ್ಲ. ಒಬ್ಬರ ಕಣ್ಣಲ್ಲಿ ಮಾಡಿದ್ದು ಅವರೊಂದಿಗೇ ಮುಗಿಯುತ್ತದೆ. ಭ್ರೂಣದಲ್ಲಿ ತಿದ್ದಿದ್ದು ಮಕ್ಕಳು ಮೊಮ್ಮಕ್ಕಳಿಗೆಲ್ಲ ಹರಿಯುತ್ತದೆ, ತಪ್ಪಾದರೆ ವಾಪಸು ತೆಗೆಯಲಾಗದು. "ಮತ್ತೆ, ಹುಟ್ಟದೇ ಇರುವವರ ಒಪ್ಪಿಗೆ ಕೇಳೋದು ಹೇಗೆ?" ಎಂದರು.

"ನನ್ನನ್ನ ಯಾರು ಕೇಳಿದ್ರು?" ಎಂದಳು ತಂಗಿ. ಕನ್ನಡದಲ್ಲಿ ಹೇಳಿದ್ದರಿಂದ ಡಾಕ್ಟರಿಗೆ ಅರ್ಥವಾಗಲಿಲ್ಲ, ಅವರು ನನ್ನ ಮುಖ ನೋಡಿದರು. ನಾನು ಏನೂ ಇಲ್ಲ ಎಂದು ತಲೆಯಾಡಿಸಿದೆ.

ಇಷ್ಟಾದ ಮೇಲೂ ಅವಳು ರಾಜಿಂದರ್ ನಗರಕ್ಕೆ ಮರಳಿದಳು. ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ನೀತಿಶಾಸ್ತ್ರದ್ದೇ ಒಂದು ಪೇಪರಿದೆ. ಕೋಚಿಂಗಿನಲ್ಲಿ ಅಭ್ಯಾಸಕ್ಕೆಂದು ಒಂದು ದಿನ ಕೊಟ್ಟ ಪ್ರಶ್ನೆ, ಮನುಷ್ಯರಲ್ಲಿ ಜೀನ್ ತಿದ್ದುಪಡಿ ನೈತಿಕವಾಗಿ ಸರಿಯೇ, ಚರ್ಚಿಸಿ. ಇಂಥ ಉತ್ತರಕ್ಕೆ ಅಲ್ಲಿ ಒಂದು ಅಚ್ಚು ಇದೆ. ಪರ ನಾಲ್ಕು ಮಾತು, ವಿರೋಧ ನಾಲ್ಕು ಮಾತು, ಕೊನೆಗೆ "ಮುಂದಿನ ದಾರಿ" ಎಂಬ ತಲೆಬರಹದಡಿ ಆಶಾದಾಯಕವಾದ ಎರಡು ಸಾಲು. ತಂಗಿ ದಪ್ಪ ಸ್ಕೆಚ್ ಪೆನ್ನಿನಲ್ಲಿ, ಒಂದು ಪುಟಕ್ಕೆ ಐದಾರು ಸಾಲು ಹಿಡಿಸುವ ಹಾಗೆ ಬರೆಯುತ್ತಿದ್ದಳು. ಆ ಭಾನುವಾರ ನಾನು ಹೋದಾಗ ತಿದ್ದಿದ ಉತ್ತರವನ್ನು ನನ್ನ ಕೈಗೆ ಕೊಟ್ಟು ಸರ್ ಏನು ಬರೆದಿದ್ದಾರೆ ಓದು ಎಂದಳು. ಕೆಂಪು ಶಾಯಿಯನ್ನು ಅವಳ ಕಣ್ಣು ಹಿಡಿಯುವುದಿಲ್ಲ.

ಅವಳು ಬರೆದದ್ದು ಇಷ್ಟು. ಎಲ್ಲರೂ ಚರ್ಚಿಸುವುದು ಇನ್ನೂ ಹುಟ್ಟದವರ ಬಗ್ಗೆ. ಅವರಿಗೆ ಹಕ್ಕುಗಳಿವೆ, ಭವಿಷ್ಯವಿದೆ, ಅವರ ಪರ ವಾದಿಸುವ ವಿದ್ವಾಂಸರಿದ್ದಾರೆ. ಆಗಲೇ ಹುಟ್ಟಿಬಿಟ್ಟವರ ವಿಷಯದಲ್ಲಿ ಮಾತ್ರ ವಿಜ್ಞಾನಕ್ಕೂ ನೀತಿಗೂ ಏನೂ ಮಾಡಲಾಗುತ್ತಿಲ್ಲ. "ಮುಂದಿನ ದಾರಿ" ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದಳು. ಸರ್ ಕೆಂಪಿನಲ್ಲಿ ಬರೆದಿದ್ದರು: ಭಾವುಕತೆ ಬೇಡ, ಸಮತೋಲನ ಇರಲಿ, ಸಮಾರೋಪ ಪೂರ್ತಿ ಮಾಡಿ. ನಾನು ಓದಿ ಹೇಳಿದೆ. ಸರ್ ಹೇಳಿದ್ದರಲ್ಲಿ ತಪ್ಪೇನಿಲ್ಲ, ಅಂಕ ಬರಬೇಕಲ್ಲ ಎಂದಳು. ನನಗೆ ಆ ಹಾಳೆಯನ್ನು ಹರಿದು ಚರಂಡಿಗೆಸೆಯಬೇಕೆನಿಸಿತು. ಅವಳು ಅದನ್ನು ನೀಟಾಗಿ ಮಡಿಸಿ ದಿಂಬಿನ ಕೆಳಗಿಟ್ಟಳು.

ಕಳೆದ ಚಳಿಗಾಲದಲ್ಲಿ ನಡುವಿನ ಕಿಂಡಿಯೂ ಮಂಜಾಯಿತು. ದಿಲ್ಲಿಯ ಹೊಗೆಯಿರಬೇಕು ಎಂದು ಮೊದಮೊದಲು ನಮಗೆ ನಾವೇ ಹೇಳಿಕೊಂಡೆವು. ಹೊಗೆ ಹೋಯಿತು, ಮಂಜು ಹೋಗಲಿಲ್ಲ. ಸ್ಕೆಚ್ ಪೆನ್ನಿನ ಅಕ್ಷರವೂ ಅವಳಿಗೆ ಕಾಣದಾಯಿತು. ಕೋಣೆ ಖಾಲಿ ಮಾಡಿ ಮನೆಗೆ ಕರೆತಂದೆವು. ಕಣ್ಣಿಲ್ಲದವರೂ ಈ ಪರೀಕ್ಷೆ ಪಾಸಾಗಿದ್ದಾರೆ, ಕೇಳಿ ಓದಬಹುದು, ಬರೆದುಕೊಡುವವರು ಸಿಗುತ್ತಾರೆ ಎಂದು ನಾನು ಹೇಳಿದೆ. ನಾನು ಹೇಳಿದ್ದೆಲ್ಲ ನಿಜ. "ಅಕ್ಕಾ, ಕಣ್ಣು ಹೋಗೋದು ಮುಗೀಲಿ, ಆಮೇಲೆ ನೋಡೋಣ. ಒಂದೇ ಟೈಮಲ್ಲಿ ಎರಡು ಕೆಲಸ ನಹೀ ಹೋತಾ," ಎಂದಳು. ಜೆರಾಕ್ಸ್ ನೋಟ್ಸನ್ನು ಹಳೇ ಪೇಪರ್ ಕೊಳ್ಳುವ ಕಬಾಡಿಯವನಿಗೆ ಕೊಡುವಾಗ ಬಾಗಿಲಲ್ಲೇ ನಿಂತಿದ್ದಳು.

ಅಪ್ಪನಿಗೆ ಈ ನಡುವೆ ಹೊಸ ಹುಚ್ಚು ಹತ್ತಿತು. ಜೀನ್ ತಿದ್ದುವ ಸುದ್ದಿ ಎಲ್ಲಿ ಬಂದರೂ ಓದುವುದು, ಊಟಕ್ಕೆ ಕೂತಾಗ ನಮಗೆ ಹೇಳುವುದು. ಇಂಥ ದೇಶದಲ್ಲಿ ರಕ್ತದ ಕಾಯಿಲೆಗೆ ಮಾಡಿದರಂತೆ, ಇನ್ನೊಂದು ಕಡೆ ಇಲಿಗಳ ಮೇಲೆ ಆಯಿತಂತೆ, ಇನ್ನೇನು ಬೀಜದಲ್ಲೇ ಸರಿಮಾಡುವ ಕಾಲ ಬಂತಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಆ ಉತ್ಸಾಹ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಮ್ಮ ಬಡಿಸಿ ಅಡುಗೆಮನೆಗೆ ಹೋಗಿಬಿಡುತ್ತಾಳೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಪ್ಪನನ್ನು ಮನೆಯೊಳಗೂ ಏನೆಂದೂ ಕರೆಯುವುದಿಲ್ಲ. ಬೇಕಾದರೆ ಮುಂದೆ ಹೋಗಿ ನಿಲ್ಲುತ್ತಾಳೆ.

ಮೊನ್ನೆ ಭಾನುವಾರದ ಮಧ್ಯಾಹ್ನದ ಊಟ. ಅಪ್ಪ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು, ಎದುರಿಗೆ ತಂಗಿ, ಪಕ್ಕದಲ್ಲಿ ನಾನು. ಹುಳಿ ಎಡಕ್ಕೆ, ಪಲ್ಯ ಬಲಕ್ಕೆ, ಉಪ್ಪು ಮೇಲೆ ಎಂದು ನಾನು ತಂಗಿಗೆ ತಟ್ಟೆಯ ನಕ್ಷೆ ಹೇಳಿ ಮುಗಿಸಿದ್ದೆ. ಅಪ್ಪ ಶುರುಮಾಡಿದರು. ಇನ್ನು ಕೆಲವೇ ವರ್ಷ, ಕಾನೂನೂ ಬದಲಾಗುತ್ತದೆ, ಆಮೇಲೆ ಯಾವ ಮಗುವೂ ಹೀಗೆ ಹುಟ್ಟುವುದಿಲ್ಲ, ತಿದ್ದಿಯೇ ಕಳಿಸುತ್ತಾರೆ ಎಂದರು. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು.

ತಂಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. "ಪಪ್ಪಾ, ಜೀನ್ ಯಾಕೆ ತಿದ್ಬೇಕು?" ಎಂದಳು. ದನಿ ಏರಿಸಲಿಲ್ಲ. "ನೀವು ಆವತ್ತು ಒಂದು 'ಹೌದು' ಅಂದಿದ್ರೆ ಸಾಕಿತ್ತು. ಬಸ್, ಇತನಾ ಹೀ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ತಂಗಿ ಅಪ್ಪನ ಕಡೆಗೇ ಮುಖ ಮಾಡಿ ಕಾದಳು. ಅವಳಿಗೆ ಕಾಣುತ್ತಿದ್ದದ್ದು ಕಿಟಕಿಯ ಬೆಳಕು, ಆ ಬೆಳಕಿನ ಮುಂದೆ ಒಂದು ಕಪ್ಪು ಆಕಾರ, ಅಷ್ಟೇ. ಆಮೇಲೆ ನನ್ನ ಕಡೆ ವಾಲಿ, ಆದರೆ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ, "ಅಕ್ಕಾ, ಪಪ್ಪಾ ಅಳ್ತಿದ್ದಾರಾ?" ಎಂದು ಕೇಳಿದಳು.

ನಾನು ಅಪ್ಪನನ್ನು ನೋಡಿದೆ. ಅಪ್ಪ ಅಳುತ್ತಿರಲಿಲ್ಲ. ತಲೆ ತಗ್ಗಿಸಿ ಹುಳಿಯನ್ನ ಕಲಸುತ್ತಿದ್ದರು. ಕಲಸಿ ಆದದ್ದನ್ನೇ ಮತ್ತೆ ಕಲಸುತ್ತಿದ್ದರು, ಕಣ್ಣು ಒಣಗಿತ್ತು.

"ಹೌದು, ಅಳ್ತಿದ್ದಾರೆ," ಎಂದೆ.

ಅಪ್ಪ ತಲೆ ಎತ್ತಿ ನನ್ನ ಮುಖ ನೋಡಿದರು. ಹಾಗೇನೂ ಇಲ್ಲ ಎನ್ನಲಿಲ್ಲ. ತಂಗಿ "ಅಚ್ಛಾ" ಎಂದು, ತಟ್ಟೆಯಲ್ಲಿ ಕೈಯಾಡಿಸಿ ತುತ್ತನ್ನು ಹುಡುಕಿಕೊಂಡು ಊಟ ಮುಂದುವರಿಸಿದಳು.